ಗೆದ್ದವಳ ಫೋನಿಗೆ ಬಿದ್ದ ಬೀಗ

ವಾದ ಮಾಡುವವರಲ್ಲಿ ಎರಡು ಜಾತಿ. ತಾವು ನಂಬಿದ್ದಕ್ಕಾಗಿ ವಾದಿಸುವವರು ಒಂದು, ಚೀಟಿಯಲ್ಲಿ ಬಂದದ್ದಕ್ಕಾಗಿ ವಾದಿಸುವವರು ಇನ್ನೊಂದು. ಮೊದಲನೆಯವರಿಗೆ ಶತ್ರುಗಳಿರುತ್ತಾರೆ, ಎರಡನೆಯವರಿಗೆ ಬಹುಮಾನದ ಕಪ್ಪುಗಳಿರುತ್ತವೆ. ನಾನು ಕಪ್ಪಿನವಳು. ಧಾರವಾಡದ ಕಾಲೇಜಿನಲ್ಲಿ ಓದುವಾಗ ಯಾವ ಚರ್ಚಾಸ್ಪರ್ಧೆಯನ್ನೂ ಬಿಟ್ಟವಳಲ್ಲ. ಚೀಟಿ ಎತ್ತಿದ ಮೇಲೆಯೇ ಪರವೋ ವಿರೋಧವೋ ತಿಳಿಯುವ ಪದ್ಧತಿ ಅಲ್ಲಿ. ಬೆಳಿಗ್ಗೆ ಮೊಬೈಲು ಮನುಕುಲದ ಮಿತ್ರ ಎಂದು ಮೇಜು ಗುದ್ದಿ, ಮಧ್ಯಾಹ್ನ ಸಾರು ಅನ್ನ ಉಂಡು, ಸಂಜೆ ಅದೇ ಮೊಬೈಲು ಮನುಕುಲದ ವೈರಿ ಎಂದು ಅದೇ ಮೇಜು ಗುದ್ದಿದ್ದೇನೆ. ಎರಡೂ ಸಲ ಬಹುಮಾನ ಬಂತು. ಒಂದು ಕಪ್ಪಿನಲ್ಲಿ ಈಗ ಅವ್ವ ಸೂಜಿ ದಾರ ಇಡುತ್ತಾಳೆ. ಕೆಲಸ ಸಿಗುವವರೆಗೆ ಎಂದು ನಾನೂ ಅವ್ವನೂ ಕೇಶ್ವಾಪುರದ ಅಕ್ಕನ ಮನೆಗೆ ಬಂದೆವು. ಕೆಲಸ ಇನ್ನೂ ದಾರಿಯಲ್ಲಿದೆ.

ಅಕ್ಕನ ಮಗಳು ಸಾನ್ವಿ ಎಂಟನೆಯ ಇಯತ್ತೆ. ಹೋಮ್‌ವರ್ಕು ಫೋನಿಗೇ ಬರುತ್ತದೆಂದು ಅವಳಿಗೊಂದು ಫೋನು ಕೊಡಿಸಿದರು. ಕೊಡಿಸಿದ ಮರುಕ್ಷಣದಿಂದ ಅಕ್ಕನಿಗೆ ನಿದ್ದೆ ಇಲ್ಲ. ಅಷ್ಟರಲ್ಲಿ ಓಣಿಯ ಯಾರೋ ಹೆಣ್ಣುಮಗಳು ಒಂದು ಆ್ಯಪಿನ ಸುದ್ದಿ ತಂದಳು. ಅದನ್ನು ಹಾಕಿದರೆ ಮಗುವಿನ ಫೋನಿಗೆ ತಾಯಿ ಬೀಗ ಹಾಕಬಹುದಂತೆ. ಅದೂ ಅಲ್ಲದೆ ಮಗು ಏನು ನೋಡುತ್ತಿದೆ, ಏನು ಬರೆಯುತ್ತಿದೆ ಎಂಬುದೆಲ್ಲ ತಾಯಿಯ ಫೋನಿನಲ್ಲಿ ಆಗಿಂದಾಗಲೇ ಕಾಣುತ್ತದಂತೆ. ಹಾಕಿಕೊಡುವ ಹೊಣೆ ನನ್ನ ಪಾಲಿಗೆ ಬಂತು. ಒಮ್ಮೆ ಟಿವಿ ರಿಮೋಟಿನ ಸೆಲ್ಲು ಬದಲಿಸಿದ್ದಕ್ಕೆ ಈ ಮನೆಯಲ್ಲಿ ನಾನು ಎಂಜಿನಿಯರು.

ನನಗೋ ಮೈಯೆಲ್ಲ ಉರಿದುಹೋಯಿತು. "ಅಕ್ಕಾ, ಕಾಯೂದು ಬ್ಯಾರೆ, ಬೆಳಸೂದು ಬ್ಯಾರೆ! ಪೊಲೀಸರಿಗೆ ಮಕ್ಕಳನ್ನ ಬೆಳಸಾಕ ಕೊಡ್ತಾರೇನು?" ಎಂದೆ.

"ನಿನ್ನ ಭಾಷಣ ಕಾಲೇಜಿನ್ಯಾಗ ಇಟ್ಕೊ," ಎಂದಳು ಅಕ್ಕ. "ನಿನಗೊಂದು ಮಗಳು ಹುಟ್ಟಿ ಆಕಿ ಕೈಯಾಗ ಫೋನ್ ಬಂದಮ್ಯಾಲ ಬಾ, ಮಾತಾಡೂಣು. ಈಗ ಹಾಕಿ ಕೊಡ್ತೀಯೋ ಇಲ್ಲೋ?"

ಬಾಗಿಲ ಹಿಂದೆ ನಿಂತು ಎಲ್ಲ ಕೇಳಿದ ಸಾನ್ವಿ ನನ್ನ ಕೋಣೆಗೆ ಬಂದಳು. ಅವಳ ಗೆಳತಿ ಆಫ್ರೀನ್ ಮೊನ್ನೆಮೊನ್ನೆಯವರೆಗೆ ನಮ್ಮ ಎದುರು ಮನೆಯಲ್ಲಿದ್ದಳು. ಈ ವರ್ಷ ಅವರ ಮನೆಯವರು ಧಾರವಾಡಕ್ಕೆ ಹೋದರು. ಈಗ ಇಬ್ಬರ ಸ್ನೇಹ ಇರುವುದು ಫೋನಿನಲ್ಲೇ.

"ಮೌಶಿ, ನಾನೂ ಆಫ್ರೀನೂ ಮಾತಾಡೂದು ಮಮ್ಮಿ ಓದ್ತಾಳೇನ?"

"ಓದಿದ್ರ ಏನಾತು, ಕೆಟ್ಟ ಮಾತೇನರ ಐತೇನ?"

"ಏನೂ ಇಲ್ಲ. ಆದ್ರ ಅದು ನಮ್ಮಿಬ್ಬರದ ಮಾತು," ಎಂದಳು.

ಇಷ್ಟು ಸಣ್ಣ ವಾಕ್ಯದಲ್ಲಿ ಇಷ್ಟು ದೊಡ್ಡ ವಾದವನ್ನು ನಾನು ಕೇಳಿರಲಿಲ್ಲ. ಅವಳ ತಲೆಯ ಮೇಲೆ ಕೈಯಿಟ್ಟು, "ಹೆದರಬ್ಯಾಡ, ನಾ ಅದೀನಿ," ಎಂದೆ. ಅಲ್ಲಿಯೇ ಹೊಳೆಯಿತು: ಚರ್ಚೆ ಇಡಬೇಕು! ಭಾನುವಾರ, ಪಡಸಾಲೆಯಲ್ಲಿ, ನಿಯಮಬದ್ಧವಾಗಿ! ವಿಷಯ: 'ಮಕ್ಕಳ ಫೋನಿಗೆ ಕಾವಲು ಬೇಕು'. ಮಾತಾಡುವವರು ನಾನೂ ಸಾನ್ವಿಯೂ, ನಿರ್ಣಾಯಕಿ ಅವ್ವ. ಅಕ್ಕ ಮೂಗು ಮುರಿದು ಒಪ್ಪಿದಳು. ಅಕ್ಕನ ಗಂಡ, ನಮ್ಮ ಮಾಮಾ, ಧಾರವಾಡದ ಹತ್ತಿರದ ಬೇಲೂರು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಶಿಫ್ಟು ಮಾಡುವವರು. ಸೈರನ್ನಿಗೆ ಎದ್ದು ಸೈರನ್ನಿಗೆ ಕೂಡುವ ಮನುಷ್ಯನಿಗಿಂತ ಒಳ್ಳೆಯ ಸಮಯಪಾಲಕ ಬೇಕೆ? ದೇವರ ಮನೆಯ ಗಂಟೆ ಅವರ ಕೈಗೆ ಕೊಟ್ಟೆ. 'ನಿರ್ಣಾಯಕರ ತೀರ್ಪೇ ಅಂತಿಮ' ಎಂದು ನಾನೇ ಎದ್ದುನಿಂತು ಗಟ್ಟಿಯಾಗಿ ಓದಿದೆ. ಸೂಜಿ ದಾರ ತೆಗೆದು ಅದೇ ಕಪ್ಪಿನಲ್ಲಿ ಚೀಟಿ ಹಾಕಿದೆವು. ಕೈಯಿಟ್ಟೆ, ತೆಗೆದೆ, ಬಿಚ್ಚಿದೆ.

'ಪರ.'

"ಹ್ಹಾ! ವಕೀಲರು ನಮ್ಮ ಕಡೆ ಬಂದ್ರು!" ಎಂದು ಅಕ್ಕ ಚಪ್ಪಾಳೆ ತಟ್ಟಿದಳು.

"ಮೌಶಿ, ಇನ್ನೊಮ್ಮೆ ಎತ್ತು," ಎಂದಳು ಸಾನ್ವಿ, ದನಿ ಇಳಿಸಿ.

ನಿಯಮ ಎಂದರೆ ನಿಯಮ. ಆದರೆ ಕಣ್ಣು ಹೊಡೆದು ಅವಳಿಗೆ ಧೈರ್ಯ ತುಂಬಿದೆ. ಸೋಲುವುದೆಂದು ನಿಶ್ಚಯಿಸಿಯೇ ಇದ್ದೆ, ಖರೇ ಹೇಳುತ್ತೇನೆ. ತೊದಲಬೇಕು, ಮರೆಯಬೇಕು, ನೀರು ಕುಡಿಯಬೇಕು ಎಂದೆಲ್ಲ ಯೋಜನೆ ಹಾಕಿದ್ದೆ.

ಮೊದಲು ಸಾನ್ವಿ ಎದ್ದಳು. ತಾಯಿಯ ಕಡೆಗೇ ತಿರುಗಿದಳು. "ಮಮ್ಮಿ, ನೀ ಕಟ್ಟಿ ಮ್ಯಾಲೆ ಕುಂತು ಮಾತಾಡೂವಾಗ ನಾ ಬಂದ್ರ, 'ಒಳಗ ಹೋಗ್, ದೊಡ್ಡವರ ಮಾತು ಕೇಳಬಾರದು' ಅಂತಿ. ನಾ ಹೋಗ್ತೀನಿ. ನಾ ಮಾತಾಡೂವಾಗ ನೀ ಯಾಕ ಹೋಗಂಗಿಲ್ಲ?"

ಅಕ್ಕ ಸೆರಗು ಸರಿಮಾಡಿಕೊಂಡಳು. ಅವ್ವ ಕನ್ನಡಕ ತೆಗೆದು ಒರೆಸಿದಳು. ಮುಗಿದುಹೋಗಿತ್ತು! ನಾನು ಸುಮ್ಮನೆ 'ನನ್ನದೇನೂ ಇಲ್ಲ' ಎಂದು ಕುಳಿತಿದ್ದರೆ ಸಾಕಾಗಿತ್ತು. ಆದರೆ ಮಾಮಾ ಗಂಟೆ ಬಾರಿಸಿಬಿಟ್ಟರು. ಆ ಸದ್ದಿಗೆ ನನ್ನೊಳಗೆ ಏನೋ ಎದ್ದು ನಿಲ್ಲುತ್ತದೆ, ಜಟಕಾದ ಮುದಿ ಕುದುರೆಗೆ ಚಾಬೂಕಿನ ಸದ್ದು ಕೇಳಿದಂತೆ. "ಮಾನ್ಯ ನಿರ್ಣಾಯಕರೆ!" ಎಂದೆ. ಅಲ್ಲಿಂದ ಮುಂದೆ ನನ್ನ ಮೇಲೆ ನನ್ನ ಹತೋಟಿ ಇರಲಿಲ್ಲ.

"ಎದುರಾಳಿ ಕಟ್ಟೆಯ ಮಾತು ತಂದರು. ಕಟ್ಟೆಯ ಮಾತು ಓಣಿಗೆಲ್ಲ ಕೇಳುತ್ತದೆ, ಸ್ವಾಮಿ! ಅಲ್ಲಿ ಗೋಡೆಯೇ ಇಲ್ಲ. ಹಾಗಿರುವಾಗ ಫೋನಿನ ಮಾತಿಗೆ ಮಾತ್ರ ಯಾಕೆ ಗೋಡೆ? ಇನ್ನು ಮಗು ಎಂದರೆ ಯಾರು? ವಯಸ್ಸಿನಿಂದ ಅಳೆಯಬೇಡಿ! ಯಾರ ಫೋನಿಗೆ ಬೇರೆಯವರು ರೀಚಾರ್ಜ್ ಮಾಡಿಸುತ್ತಾರೋ, ಫೋನು ಹಿಡಿದಾಗ ಊಟಕ್ಕೆ ಕರೆದದ್ದು ಯಾರಿಗೆ ಕೇಳಿಸುವುದಿಲ್ಲವೋ, ಅವರೇ ಮಗು! ಅಂಥವರ ಫೋನಿಗೆ ಕಾವಲು ಅವಮಾನವಲ್ಲ, ಅಕ್ಕರೆ!"

ಅಬ್ಬಾ, ಏನು ಓಘ! ಮಾಮಾ ಗಂಟೆ ಬಾರಿಸುವುದನ್ನೇ ಮರೆತರು. ಅಕ್ಕ ಶಿಳ್ಳೆ ಹಾಕುವುದೊಂದು ಬಾಕಿ. ನಾನು ಗೆದ್ದ ಹುಮ್ಮಸ್ಸಿನಲ್ಲಿ ಎದುರಾಳಿಯತ್ತ ತಿರುಗಿದೆ. ಎದುರಾಳಿಯ ಕಣ್ಣು ತುಂಬಿತ್ತು. ಆಗ ನೆನಪಾಯಿತು, ಅದು ಸಾನ್ವಿ.

ಅವ್ವ ಅವಸರ ಮಾಡಲಿಲ್ಲ. ಒಂದು ಕಪ್ಪು ಚಹಾ ಕುಡಿದು ತೀರ್ಪು ಹೇಳಿದಳು. "ಮಾತಿನ್ಯಾಗ ಗೆದ್ದಾಕಿ ನನ್ನ ಮಗಳ. ಕಾವಲು ಆಗ್ಲಿ. ಆದ್ರ ಹೊಸಾ ಔಷಧ ಮೊದಲ ಕೂಸಿಗೆ ಕುಡಸಂಗಿಲ್ಲ. ಈ ಮನ್ಯಾಗ ಇನ್ನೊಬ್ಬರು ರೀಚಾರ್ಜ್ ಮಾಡಿಸೋ ಫೋನು ಯಾರ ಕೈಯಾಗ ಐತಿ? ಊಟಕ್ಕ ಕರದ್ರ ಯಾರಿಗೆ ಕೇಳಂಗಿಲ್ಲ?"

ಎಲ್ಲರೂ ನನ್ನನ್ನೇ ನೋಡಿದರು. ನನ್ನ ರೀಚಾರ್ಜು ಅಕ್ಕ ಮಾಡಿಸುತ್ತಾಳೆ.

"ಒಂದು ತಿಂಗಳು ಇಕಿ ಫೋನಿಗೆ ಹಾಕಿ ನೋಡೂಣು. ಇಕಿ ಸುಧಾರಿಸಿದ್ರ ಆಮ್ಯಾಲೆ ಸಾನ್ವಿದಕ್ಕ ಹಾಕೂಣು. ಇಕಿ ಏನ್ ಮಾಡ್ತಾಳಂತ ನೋಡೂ ಫೋನು ನಂದಿರಲಿ."

ಹಾಕಿದವಳೂ ನಾನೇ, ಎಂಜಿನಿಯರು ನಾನಲ್ಲವೆ! ಅವ್ವನಿಗೆ ಆ್ಯಪು ನಡೆಸಲು ಬರುವುದಿಲ್ಲ, ಆದ್ದರಿಂದ ಬೀಗದ ಅಧಿಕಾರ ಸಾನ್ವಿಗೆ ಹೋಯಿತು. ದಿನಕ್ಕೆ ಇಷ್ಟೇ ಎಂದು ಅವಳು ಇಟ್ಟ ಹೊತ್ತು ಮುಗಿದಾಗ 'ಇನ್ನಷ್ಟು ಸಮಯ ಬೇಕು' ಎಂಬ ಗುಂಡಿ ಒತ್ತಿದರೆ, ಪಕ್ಕದ ಕೋಣೆಯಿಂದ ಎದುರಾಳಿಯ ದನಿ ಬರುತ್ತಿತ್ತು: "ಯಾಕ ಬೇಕು, ಪರವಾಗಿ ಮಾತಾಡು ಮೌಶಿ." ಅವ್ವನದು ಬೇರೆಯೇ ಕಥೆ. ನಾನು ರೀಲ್ಸ್ ನೋಡುತ್ತ ಹೆಬ್ಬೆರಳು ಸರಿಸಿದರೆ ಸಾಕು, ಅಡಿಗೆಮನೆಯಿಂದ ಕೂಗು: "ಏ, ಬದನಿಕಾಯಿ ಎಣಗಾಯಿ ಅರ್ಧಕ್ಕ ಬಿಟ್ಟಿ, ಹಿಂದಕ್ಕ ಹೋಗು!" ನನಗೆ ಬೇಡದ ಎಣಗಾಯಿಯನ್ನು ಕೊನೆಯವರೆಗೆ ನೋಡಿದ್ದೇನೆ. ಯಾವುದೋ ಧಾರಾವಾಹಿಯ ಸೊಸೆಯ ಗತಿ ಏನಾಯಿತೆಂದು ಹುಡುಕಿಕೊಟ್ಟಿದ್ದೇನೆ. ನನ್ನ ಫೋನಿನ ಹೊತ್ತು ಕಡಿಮೆಯಾಗುವುದಿರಲಿ, ಅವ್ವನಿಗಾಗಿ ಅಕ್ಕನೇ ದೊಡ್ಡ ಪ್ಯಾಕು ಹಾಕಿಸಬೇಕಾಯಿತು.

ತಿಂಗಳಾದ ಮೇಲೆ ಸಭೆ ಸೇರಿತು. "ಇಕಿ ಏನೂ ಸುಧಾರಿಸಲಿಲ್ಲ," ಎಂದಳು ಅವ್ವ. "ಔಷಧ ಕೆಲಸಕ್ಕ ಬಾರದ್ದು. ಸಾನ್ವಿಗೆ ಬ್ಯಾಡ." ಮಗಳ ಕಟ್ಟೆಯ ಮಾತು ಅಕ್ಕನಿಗೂ ನಾಟಿತ್ತೇನೋ. "ಆಫ್ರೀನಗ ಆಯ್ತವಾರ ಮನಿಗೆ ಬಾ ಅಂತ ಹೇಳು," ಎಂದಷ್ಟೇ ಮಗಳಿಗೆ ಹೇಳಿದಳು. ಸಾನ್ವಿ ಕುಣಿದಳು. ನಾನೂ ಕುಣಿದೆ! ನಾನು ಮೊದಲು ಹೇಳಿದ್ದೂ ಅದೇ ಅಲ್ಲವೆ, ಕಾವಲಿನಿಂದ ಉಪಯೋಗವಿಲ್ಲ ಅಂತ?

"ಹಂಗಾದ್ರ ನಂದೂ ತಗೀತೀನಿ," ಎಂದು ಫೋನು ಎತ್ತಿಕೊಂಡೆ.

"ನಿಂದ್ಯಾಕ ತಗೀತಿ? ನನ್ನ ಹೊತ್ತು ಹೋಗತೈತಿ," ಎಂದಳು ಅವ್ವ.

ವಾದ ಹೂಡಲು ಬಾಯಿ ತೆರೆದೆ. ತೀರ್ಪೇ ಅಂತಿಮವೆಂದು ಓದಿದವಳು ನಾನೇ ಎಂದು ಮಾಮಾ ಗಂಟೆ ಹಿಡಿದು ನೆನಪಿಸಿದರು. ಪರವೂ ಗೆದ್ದಿತು, ವಿರೋಧವೂ ಗೆದ್ದಿತು, ಸೋತವಳು ಎರಡೂ ಕಡೆಯ ಭಾಷಣಕಾರ್ತಿ ಒಬ್ಬಳೇ. ಈ ನಾಲ್ಕು ಮಾತನ್ನು ಫೋನಿನಲ್ಲೇ ಬರೆಯುತ್ತಿದ್ದೇನೆ. ಇಷ್ಟರಲ್ಲೇ ಪಡಸಾಲೆಯಿಂದ ಅವ್ವ ಕೂಗುತ್ತಿದ್ದಾಳೆ:

"ಅಷ್ಟ ಲಗೂ ಲಗೂ ಒತ್ತಬ್ಯಾಡವಾ, ಓದಾಕ ಆಗವಲ್ದು!"