ಕೆಡದ ಮೋಟಾರಿನ ಮೇಲೆ ಮಾವನ ಸಿಟ್ಟು

ನನ್ನ ಸೋದರಮಾವ ಜಗತ್ತಿನಲ್ಲಿ ಯಾರನ್ನೂ ದ್ವೇಷಿಸಿದವರಲ್ಲ, ಒಂದು ಎಲೆಕ್ಟ್ರಿಕ್ ಮೋಟಾರನ್ನು ಬಿಟ್ಟು! ಅದು ಮಾಡಿದ ತಪ್ಪಾದರೂ ಏನು? ಕೆಡದೆ ಇದ್ದದ್ದು.

ಎಂಬತ್ತರ ದಶಕದ ಮಾತು. ಪುಣೆಯ ಕಾರ್ಖಾನೆಯೊಂದರಲ್ಲಿ ಜೀವಮಾನವಿಡೀ ಡೀಸೆಲ್ ಎಂಜಿನ್ ಜೋಡಿಸಿ ನಿವೃತ್ತರಾದ ಮಾವ, ಅಲ್ಲೇ ಹತ್ತಿರದ ನಿಗಡಿಯಲ್ಲಿ ಅತ್ತೆ ನಡೆಸುತ್ತಿದ್ದ ಹಿಟ್ಟಿನ ಗಿರಣಿಗೂ ಅಂಥದೇ ಒಂದನ್ನು ಕೂರಿಸಿದ್ದರು. ಅದು ವಾರಕ್ಕೆ ನಾಲ್ಕು ದಿನ ಹಿಟ್ಟು ಬೀಸುತ್ತಿತ್ತು, ಮೂರು ದಿನ ಮಾವನ ಮುಂದೆ ಬಿಚ್ಚಿಕೊಂಡು ಬಿದ್ದಿರುತ್ತಿತ್ತು. ನಾಜಲ್, ವಾಲ್ವು, ರಿಂಗು ಎಂದು ದಿನಕ್ಕೊಂದು ರೋಗ. ಹೊಗೆಗೆ ಕಣ್ಣುರಿದು, ಸೀರೆಗೆಲ್ಲ ಡೀಸೆಲ್ ವಾಸನೆ ಹತ್ತಿ ಬೇಸತ್ತ ಅತ್ತೆ ಒಂದು ದಿನ ಯಾರಿಗೂ ಹೇಳದೆ ಮೋಟಾರು ತರಿಸಿಬಿಟ್ಟರು.

"ಸಪ್ಪಳ ಇಲ್ಲದ್ದು ಎಂಥಾ ಮಷೀನು? ಒಂದ ವರ್ಷ ಬಾಳಿದ್ರ ಹೇಳು!" ಮಾವ ಗುಡುಗಿದರು.

"ಬಾಳಿದ್ರ ನಿಮ್ಮ ಎಂಜಿನ್ನು ಗುಜರಿಗೆ. ಆತೇನ್ರಿ?"

"ಆತು!"

ಮೊದಲ ವಾರವೇ ಮಾವ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೋಟಾರು ಬಿಚ್ಚಿದರು. ಒಳಗೆ ತಾಮ್ರದ ಸುರುಳಿ, ನಡುವೆ ತಿರುಗುವ ಒಂದು ದಿಂಡು, ಎರಡು ಬೇರಿಂಗು. ಅಷ್ಟೇ.

"ಇಷ್ಟ ಏನಲೇ? ಇದರಾಗ ಕೆಡ್ಲಿಕ್ಕೆ ಏನೂ ಇಲ್ಲಲ್ಲೋ!" ಪಾಪ, ಮೋಸ ಹೋದವರ ದನಿ.

ಕರೆಂಟು ಹೋದಾಗಲಂತೂ ಹಬ್ಬ! ಒಮ್ಮೆ "ಸತ್ತತು, ಸತ್ತತು!" ಎಂದು ನೆರೆಮನೆಗಳಿಗೆಲ್ಲ ಪೇಢೆ ಹಂಚಿಬಿಟ್ಟರು.

"ಹೋಗಿದ್ದು ಕರೆಂಟ್ ರೀ, ಮೋಟಾರಲ್ಲ. ಡೀಸೆಲ್ ಇಲ್ಲದ ನಿಮ್ಮ ಎಂಜಿನ್ ನಡೀತದೇನು?" ಎಂದು ಅತ್ತೆ ಕೇಳುವಷ್ಟರಲ್ಲಿ ಮೋಟಾರು ಮತ್ತೆ ಗುಂಯ್ ಎಂದಿತು. ಹಂಚಿದ ಪೇಢೆ ವಾಪಸು ಕೇಳುವುದು ಹೇಗೆ?

ವರ್ಷ ತುಂಬಿತು. ಮೋಟಾರಿಗೆ ಒಂದು ಸೀನೂ ಬರಲಿಲ್ಲ! ಆ ವರ್ಷವಿಡೀ ಮಾವ ಮಾತ್ರ ಮೂಲೆ ಸೇರಿದ ಎಂಜಿನ್ನನ್ನು ದಿನಾ ಬಿಚ್ಚಿ, ಒರೆಸಿ, ಮತ್ತೆ ಜೋಡಿಸುತ್ತಿದ್ದರು. ಆದರೆ ಕೊಟ್ಟ ಮಾತಿಗೆ ತಪ್ಪುವವರಲ್ಲ. ತಾವೇ ಹೋಗಿ ಗುಜರಿಯವನನ್ನು ಕರೆತಂದರು.

ಅವನು ತಕ್ಕಡಿ ಇಳಿಸುವ ಮೊದಲೇ ಅತ್ತೆ ಹಿಟ್ಟು ಮೆತ್ತಿದ ಕೈಯಲ್ಲೇ ಅಡ್ಡ ನಿಂತರು. "ನಕೋ ಭಾವೂ," ಬೇಡಪ್ಪಾ ಎಂದು ಮರಾಠಿಯಲ್ಲಿ ಹೇಳಿ ಅವನನ್ನು ಸಾಗಹಾಕಿದರು.

ನನಗೆ ನಗು. "ಅತ್ತಿ, ಗೆದ್ದವರು ನೀವು! ಇನ್ನ ಇದರದು ಏನು ಕೆಲಸ ಅದ?"

"ಹಿಟ್ಟು ಬೀಸಲಿಕ್ಕೆ ಮೋಟಾರ್ ಸಾಕೋ," ಅತ್ತೆ ದನಿ ತಗ್ಗಿಸಿದರು. "ನಾಳೆ ಮುಂಜಾನೆ ಎದ್ದು ಇವರು ಎಲ್ಲಿಗೆ ಹೋಗಬೇಕು?"

ಮಾವ ಅಲ್ಲೇ ನಿಂತಿದ್ದರು. ಪಾನಾ ಎತ್ತಿಕೊಂಡು ಮೂಲೆಯ ಎಂಜಿನ್ನಿನ ಮುಂದೆ ಕೂತು ಮತ್ತೆ ಬಿಚ್ಚತೊಡಗಿದರು.