ಅಟ್ಟದ ಉತ್ತರ

ಬೆಂಗಳೂರಿನ ಮನೆ ಮಾಲೀಕರಿಗೆ ಬಾಡಿಗೆ ಏರಿಸಲು ಕಾರಣವೇ ಬೇಕಾಗಿಲ್ಲ ಎಂಬುದು ಬಾಲರಾಜುವಿನ ಬಹುಕಾಲದ ದೂರು. ಮೆಟ್ರೋ ಬಂದರೆ ಬಾಡಿಗೆ ಏರುತ್ತದೆ. ಮೆಟ್ರೋ ಬರಬಹುದೆಂದು ಯಾರಾದರೂ ಪೇಪರಿನಲ್ಲಿ ಓದಿದರೂ ಏರುತ್ತದೆ. ಈ ಸಲ ಮಾಲೀಕರು ಮೆಟ್ಟಿಲಿಗೆ ಹೊಸ ಬಣ್ಣ ಬಳಿಸಿ (ಅದೂ ತಮ್ಮ ಮನೆಯ ಬಾಗಿಲ ತನಕ ಮಾತ್ರ) "ಖರ್ಚು ಜಾಸ್ತಿಯಾಯ್ತು ನೋಡಿ" ಎಂದು ನಗುನಗುತ್ತಾ ಹೇಳಿ ಹೋಗಿದ್ದರು. ಆ ಮನೆಗೆ ನೀರು ಟ್ಯಾಂಕರಿನಲ್ಲಿ ಬರುತ್ತಿತ್ತು, ಗಾಳಿ ಪಕ್ಕದವರ ಒಗ್ಗರಣೆಯ ಜೊತೆ ಬರುತ್ತಿತ್ತು, ಬಿಸಿಲು ಬರುತ್ತಲೇ ಇರಲಿಲ್ಲ. ಆದರೂ ಬಾಲರಾಜುವಿಗೆ ಬೆಂಗಳೂರೇ ಬೇಕು. ದಿನಾ ಬೈದು ಬೈದು ಅಭ್ಯಾಸವಾದ ಊರನ್ನು ಬಿಟ್ಟರೆ ಆಮೇಲೆ ಬೈಯಲು ಏನಿರುತ್ತದೆ ಎಂಬುದು ಅವನ ಸಿದ್ಧಾಂತ.

ಹೀಗಿರುವಾಗ ವಿಧಿಯು ಕಿವಿಯ ಮೂಲಕ ಪ್ರವೇಶ ಮಾಡಿತು. ಬಾಲರಾಜು ಕಿವಿ ಮಂದವಾದವರಿಗೆ ಕಿವಿ ಮೆಷಿನ್ನು ಮಾರುವ ಅಂಗಡಿಯಲ್ಲಿ ಸೇಲ್ಸ್‌ಮನ್. ಅಂಗಡಿಯ ಸಾಹುಕಾರರು ತಿಪಟೂರಿನಲ್ಲಿ ಒಂದು ಶಾಖೆ ತೆರೆಯುವವರಿದ್ದರು. "ನೀನೇ ಹೋಗಿ ನಡೆಸ್ಕೊಂಡು ಹೋಗು. ಸಂಬಳ ಇಷ್ಟೇ ಇರುತ್ತೆ, ಖರ್ಚು ಅರ್ಧಕ್ಕರ್ಧ ಇಳಿಯುತ್ತೆ. ಸೋಮವಾರ ಹೇಳ್ಬಿಡು" ಎಂದರು. ಬಾಲರಾಜು ಈ ಮಾತನ್ನು ಹೆಂಡತಿಯ ಕಿವಿಗೆ ಬೀಳದಂತೆ ನುಂಗಿಬಿಡಬೇಕೆಂದಿದ್ದ. ಆದರೆ ಸಾಹುಕಾರರ ಹೆಂಡತಿಯೂ ಅವನ ಹೆಂಡತಿ ನಿರ್ಮಲಾಳೂ ಒಂದೇ ವಾಟ್ಸಾಪ್ ಗುಂಪಿನಲ್ಲಿದ್ದರು.

ನಿರ್ಮಲಾ ತುರುವೇಕೆರೆ ಕಡೆಯ ಹುಡುಗಿ. ಅಡುಗೆಮನೆಯ ಕಿಟಕಿಗೆ ಕಟ್ಟಿದ ಡಬ್ಬದಲ್ಲಿ ಒಂದು ಕರಿಬೇವಿನ ಗಿಡ ಸಾಕಿದ್ದಳು. ಅದು ನಾಲ್ಕೆಲೆ ಬಿಟ್ಟರೆ ಕೀಳಲು ಮನಸ್ಸಾಗದೆ ಸಾರಿಗೆ ಅಂಗಡಿಯಿಂದ ಕರಿಬೇವು ತರುತ್ತಿದ್ದಳು. ಕಾಲು ಚಾಚುವಷ್ಟು ಹಿತ್ತಲು ಬೇಕು ಎನ್ನುವುದು ಬಿಟ್ಟರೆ ಅವಳಿಗೆ ಬೇರೆ ಆಸೆಯೇ ಇರಲಿಲ್ಲ.

"ನಮ್ಮ ಅಂಕಮ್ಮತ್ತೆ ಹಳೇ ಮನೆ ಸುಮ್ನೆ ಬಿದ್ದೈತೆ ಕಣ್ರೀ. ಅತ್ತೆ ಎದುರಿಗೆ ಮಗಳ ಮೋಲ್ಡ್ ಮನೇಲವ್ರೆ. ಬಾಡಿಗೆ ಅಂದ್ರೆ ಕಡ್ಡಿಪೊರಕೆ ತಗೋತಾರೆ. ಅಲ್ಲಿಂದ ತಿಪಟೂರಿಗೆ ಬೇಕಾದಷ್ಟು ಬಸ್ಸವೆ" ಎಂದಳು.

"ಜನ ಏನಂತಾರೆ ಗೊತ್ತಾ? ಬೆಂಗಳೂರಲ್ಲಿ ಬಾಳಕ್ಕಾಗ್ದೆ ಓಡ್ಬಂದ ಅಂತಾರೆ."

"ಇಲ್ಲಿರೋ ಜನಕ್ಕೆ ನೀವು ಯಾರು ಅಂತ ಗೊತ್ತಾ? ಕೊರಿಯರ್‌ನವನು ಇವತ್ತಿಗೂ ನಿಮ್ಮನ್ನ ಮಾಲೀಕರ ಡ್ರೈವರ್ ಅಂತ ತಿಳ್ಕೊಂಡವ್ನೆ."

ಈ ಮಾತು ನಿಜವಾದ್ದರಿಂದ ಬಾಲರಾಜುವಿಗೆ ಹೆಚ್ಚು ನೋವಾಯಿತು. ನಾಲ್ಕು ಜನ ಸೇರುವ ಮದುವೆಯಲ್ಲಿ "ಎಲ್ಲಿದ್ದೀಯಪ್ಪ" ಎಂದು ಯಾರಾದರೂ ಕೇಳಿದಾಗ "ಬೆಂಗಳೂರು" ಎನ್ನುವುದಿದೆಯಲ್ಲ, ಅವನಿಗಿದ್ದ ಏಕಮಾತ್ರ ಪದವಿ ಅದು. ಅದನ್ನೂ ಬಿಟ್ಟುಕೊಟ್ಟರೆ ತನ್ನಲ್ಲಿ ಏನೂ ಉಳಿಯುವುದಿಲ್ಲವೆಂದು ಅವನಿಗೆ ನಿಜವಾಗಿಯೂ ಭಯವಿತ್ತು. ಕಡೆಗೆ, ಶನಿವಾರ ಭಾನುವಾರ ಆ ಮನೆಯಲ್ಲಿ ಇದ್ದು ನೋಡಿ ತೀರ್ಮಾನಿಸುವುದೆಂದು ಸಂಧಾನವಾಯಿತು. ಬಾಲರಾಜು ಬೇಗ ಒಪ್ಪಿಕೊಂಡ. ನಿರ್ಮಲಾಳೇ ಬೇಡವೆನ್ನುವಂತೆ ಮಾಡುವ ಉಪಾಯವೊಂದು ಅವನ ತಲೆಯಲ್ಲಿ ಆಗಲೇ ಮೊಳೆತಿತ್ತು.

ತಿಪಟೂರಿನಲ್ಲಿ ರೈಲು ಇಳಿದು, ತುರುವೇಕೆರೆ ಬಸ್ಸು ಹತ್ತಿ, ನಡುದಾರಿಯಲ್ಲಿ ಇಳಿದಾಗ ಮಟಮಟ ಮಧ್ಯಾಹ್ನ. ಎತ್ತ ನೋಡಿದರೂ ತೆಂಗು. ಗಾಳಿಯಿಲ್ಲ, ಹಕ್ಕಿಯಿಲ್ಲ, ಗರಿಯೊಂದೂ ಅಲುಗುತ್ತಿಲ್ಲ. ಅಷ್ಟು ಮರಗಳೂ ಮಾತು ನಿಲ್ಲಿಸಿ ತನ್ನನ್ನೇ ನೋಡುತ್ತಿವೆ ಎಂದು ಬಾಲರಾಜುವಿಗೆ ಅನಿಸಿತು. ತೋಟದ ಒಳಗೆಲ್ಲೋ ಒಣಗಿದ ಸೋಗೆಯೊಂದು ಧೊಪ್ಪೆಂದು ಬಿತ್ತು. ಅವನು ಹೆಂಡತಿಯ ಬ್ಯಾಗನ್ನೂ ತಾನೇ ತೆಗೆದುಕೊಂಡು (ಪ್ರೀತಿಯಿಂದಲ್ಲ, ಅವಳು ಹತ್ತಿರವೇ ನಡೆಯಲಿ ಎಂದು) ಬಿರಬಿರನೆ ಹೆಜ್ಜೆ ಹಾಕಿದ.

ಅಂಕಮ್ಮನವರು ಬಾಗಿಲಲ್ಲೇ ನಿಂತಿದ್ದರು. ಅವರಿಗೆ ಕಿವಿ ಕೇಳಿಸುವುದಿಲ್ಲ. ತಮಗೆ ಕೇಳಿಸದ ಮೇಲೆ ಲೋಕಕ್ಕೂ ಕೇಳಿಸದೆಂದು ನಂಬಿ ಊರಿಗೆಲ್ಲ ಕೇಳುವಂತೆ ಮಾತಾಡುತ್ತಾರೆ. ಬೀಗದ ಕೈ ಕೊಟ್ಟು, "ಎಲ್ಲಾ ನಿಂದೇ ಕಣವ್ವ. ಅಟ್ಟಕ್ಕೆ ಮಾತ್ರ ಹತ್ಬ್ಯಾಡಿ. ಕೊಬ್ಬರಿಗೆ ಕಾಯಿ ಹಾಕಿವ್ನಿ. ನೀರು ಇಂಗೋಗಂಟ ಅದನ್ನ ಅಲುಗಿಸ್ಬಾರ್ದು" ಎಂದರು.

ಹೆಂಚಿನ ಮನೆ ತಣ್ಣಗಿತ್ತು, ಕತ್ತಲಾಗಿಯೂ ಇತ್ತು. ಅಡುಗೆಮನೆಯ ತಲೆಯ ಮೇಲೆ ಬಿದಿರು ದಬ್ಬೆ ಹಾಸಿದ ಅಟ್ಟ, ಹೊಗೆ ಹಿಡಿದು ಕರ್ರಗಾಗಿತ್ತು. ಅದಕ್ಕೆ ಹತ್ತುವ ಚೌಕದ ಬಾಯಿ ತೆರೆದೇ ಇತ್ತು. ಮೂಲೆಯಲ್ಲಿ ಒಂದು ಉದ್ದನೆಯ ಕೋಲು ಒರಗಿತ್ತು. ಹಿಡಿಯುವ ಕಡೆ ಅದು ಸವೆದು ನುಣುಪಾಗಿತ್ತು. ನೆತ್ತಿಯ ಮೇಲಿನ ಒಂದು ದಬ್ಬೆಯಲ್ಲೂ, ಯಾರೋ ವರ್ಷಗಟ್ಟಲೆ ಅಲ್ಲಿಗೇ ಕುಟ್ಟಿದಂತೆ, ಒಂದು ಗುಳಿ ಬಿದ್ದಿತ್ತು. ಬಾಲರಾಜು ಅದನ್ನು ನೋಡಿದ. ಯಾಕೋ ಅದು ಸರಿಯಿಲ್ಲ ಅನಿಸಿತು. ಆದರೆ ಉಪಾಯಕ್ಕೆ ಕೋಲು ಸಿಕ್ಕಿತಲ್ಲ ಎಂದು ಸಂತೋಷವೂ ಆಯಿತು.

ಸಂಜೆ ನಿರ್ಮಲಾ ಹಿತ್ತಲು ಗುಡಿಸಿ ಒಳಗೆ ಬಂದಳು. ಅವಳ ಮುಖ ಬೆಂಗಳೂರಿನಲ್ಲಿ ಎಂದೂ ಕಾಣದಷ್ಟು ಕೆಂಪಾಗಿತ್ತು. ಬಾಲರಾಜು ದನಿ ತಗ್ಗಿಸಿದ.

"ನಿಮ್ಮಿ, ಈ ಮನೇಲಿ ಏನೋ ಇದೆ ಕಣೇ. ನೀನು ಹೊರಗಿದ್ದಾಗ ಮೇಲೆ ಯಾರೋ ಓಡಾಡಿದ ಹಾಗಾಯ್ತು."

"ಓಡಾಡ್ಲಿ ಬುಡಿ. ಬೆಂಗಳೂರಲ್ಲಿ ಮೇಲಿನ ಮನೆಯೋರು ರಾತ್ರಿಯೆಲ್ಲಾ ಮಂಚ ಎಳೀತಿದ್ರು, ನಾನೇನಾದ್ರೂ ಅಂದ್ನಾ? ಮೇಲಿನ ಮನೆಯೋರು ಅಂದ್ಮೇಲೆ ಸದ್ದು ಇದ್ದದ್ದೇ."

ದೆವ್ವಕ್ಕೆ ಹೆದರದ ಹೆಂಡತಿಯನ್ನು ಕಟ್ಟಿಕೊಂಡ ಗಂಡನ ಪಾಡು ಯಾವ ಶತ್ರುವಿಗೂ ಬೇಡ. ಬರೀ ಮಾತಿಗೆ ಇವಳು ಜಗ್ಗುವುದಿಲ್ಲ, ಸಾಕ್ಷಿ ಬೇಕು ಎಂದು ಬಾಲರಾಜು ತೀರ್ಮಾನಿಸಿದ. ಅವಳು ನಡುಮನೆಗೆ ದೀಪ ಹಚ್ಚಲು ಹೋದ ತಕ್ಷಣ ಕೋಲು ಎತ್ತಿ ದಬ್ಬೆಗೆ ಎರಡೇಟು ಕುಟ್ಟಿದ.

ಮೇಲೆ "ಲೊಡ್" ಎಂದಿತು.

ಬಾಲರಾಜುವಿಗೆ ಮೊದಲು ಹೆಮ್ಮೆಯಾಯಿತು. ಇಷ್ಟು ಒಳ್ಳೆಯ ಪರಿಣಾಮವನ್ನು ಅವನು ನಿರೀಕ್ಷಿಸಿರಲಿಲ್ಲ. ಆಮೇಲೆ ಯೋಚಿಸಿದ. ಬಿದಿರಿಗೆ ಕುಟ್ಟಿದರೆ ಟಕ್ ಎನ್ನಬೇಕು. ಲೊಡ್ ಎಂದದ್ದು ಯಾರು? ಕೋಲು ಕೆಳಗಿಳಿಸಿ ಉಸಿರು ಹಿಡಿದು ನಿಂತ. ಈಗ ಅವನು ಕುಟ್ಟಿರಲಿಲ್ಲ. ಆದರೂ ಅಟ್ಟದ ಆ ಕೊನೆಯಲ್ಲಿ ಏನೋ ಹೊರಳಿತು. ಲೊಡ. ಲೊಡ ಲೊಡ. ಅದು ನಿಧಾನವಾಗಿ, ಯಾವ ಅವಸರವೂ ಇಲ್ಲದೆ, ಇತ್ತ ಕಡೆಗೇ ಬಂತು. ಬಂದು ಅವನ ನೆತ್ತಿಯ ಮೇಲೆ ಸರಿಯಾಗಿ ಆ ಗುಳಿ ಬಿದ್ದ ದಬ್ಬೆಯ ಹತ್ತಿರ ನಿಂತಿತು. ಮಸಿಯ ಪುಡಿ ಅವನ ಹಣೆಗೆ ಉದುರಿತು.

ಹೆದರಿದ ಮನುಷ್ಯನ ಬಾಯಿಗೆ ದೇವರ ನಾಮ ಬರುತ್ತದೆ ಎನ್ನುತ್ತಾರೆ. ಬಾಲರಾಜುವಿನ ಬಾಯಿಗೆ ವೃತ್ತಿ ಬಂತು. ದಿನವೂ ಗಿರಾಕಿಯ ಕಿವಿಗೆ ಮೆಷಿನ್ನು ಸಿಕ್ಕಿಸಿ ಕೇಳುವ ಮಾತನ್ನೇ, ಅದೇ ವಿನಯದಿಂದ, ಮೇಲೆ ನೋಡುತ್ತಾ ಕೇಳಿದ.

"ಕೇಳಿಸ್ತಾ ಇದೆಯಾ ಸಾರ್?"

ಲೊಡ್.

ಆಮೇಲೆ ಬಾಲರಾಜು ಅಡುಗೆಮನೆಯಲ್ಲಿ ಇರಲಿಲ್ಲ. ನಡುಮನೆ ದಾಟಿದ್ದು, ಹೊಸಿಲು ಎಡವಿದ್ದು, ಅಂಗಳದ ತೊಟ್ಟಿಗೆ ಬಡಿದದ್ದು ಯಾವುದೂ ಅವನಿಗೆ ನೆನಪಿಲ್ಲ. ಎದುರು ಮನೆಯಿಂದ ಅಂಕಮ್ಮನವರು ಬಂದರು.

"ಅಟ್ಟದಲ್ಲಿ ಯಾರೋ ಮಾತಾಡ್ತಿದ್ದಾರೆ" ಎಂದ ಬಾಲರಾಜು.

"ಏನಂದೆ?"

"ಅಟ್ಟದಲ್ಲಿ... ಮಾತಾಡ್ತಿದ್ದಾರೆ."

"ಜ್ವರ ಗಿರ ಬಂತೇನಪ್ಪ?"

ಅವರಿಗೆ ಕೇಳಿಸುವಷ್ಟು ಗಟ್ಟಿಯಾಗಿ ಅವನು ಹೇಳುವ ಹೊತ್ತಿಗೆ ಬೀದಿಯೆಲ್ಲ ಅಂಗಳದಲ್ಲಿತ್ತು. ಅಂಕಮ್ಮನವರ ಮುಖ ಅರಳಿತು. ಏಣಿ ಹಾಕಿ ಸರಸರನೆ ಹತ್ತಿ, ಒಂದು ಕಾಯಿ ತಂದು, ಬಾಲರಾಜುವಿನ ಕಿವಿಯ ಹತ್ತಿರ ಅಲ್ಲಾಡಿಸಿದರು.

"ಹಿಂಗಾ?"

ಕಾಯೊಳಗೆ "ಲೊಡ ಲೊಡ" ಎಂದಿತು. ಬಾಲರಾಜು ತಲೆಯಾಡಿಸಿದ.

"ಹಂಗಾದ್ರೆ ಕೊಬ್ಬರಿ ಆಯ್ತು ಕಣ್ರವ್ವ! ಒಳ್ಗೆ ನೀರು ಇಂಗಿ, ಒಣಗಿದ ಗಿಟುಕು ಚಿಪ್ಪು ಬಿಟ್ಕೊಂಡೈತೆ. ಕುಟ್ಟಿದ್ರೆ ಗುಡ್ಡೆ ಜಾರಿ ಕಾಯಿ ಹೊರಳ್ತವೆ, ಉಳ್ಳಾಡ್ತಾ ಲೊಡಲೊಡ ಅಂತವೆ. ನಮ್ಮೆಜಮಾನ್ರು ದಿನಾ ಸಂಜೆ ಉಣ್ಣಕ್ಕೆ ಕೂರೋಕೆ ಮುಂಚೆ ಆ ಕೋಲಲ್ಲಿ ಮೂರೇಟು ಕುಟ್ಟಿ ಕೇಳೋರು. ಅವ್ರು ತೀರ್ಕೊಂಡ್ಮೇಲೆ ಕುಟ್ಟೋರೂ ಇಲ್ಲ, ನಂಗೆ ಕೇಳ್ಸಾದೂ ಇಲ್ಲ."

ಅಂಗಳದವರು ನಕ್ಕರು. ನಿರ್ಮಲಾ ಮಾತ್ರ ನಗಲಿಲ್ಲ. ಅವಳು ಗಂಡನ ಕೈ ನೋಡುತ್ತಿದ್ದಳು. ಅಷ್ಟು ಓಟದಲ್ಲೂ ಅವನು ಕೋಲನ್ನು ಬಿಟ್ಟಿರಲಿಲ್ಲ.

"ನಿಮ್ಮ ಕೈಲಿ ಕೋಲು ಯಾಕೆ ಬಂತು?"

ಬಾಲರಾಜು ಬೀದಿಯ ಮುಖಗಳನ್ನು ನೋಡಿದ, ಹೆಂಡತಿಯ ಮುಖ ನೋಡಿದ. "ಕಾಯಿ ಆಗಿದೆಯಾ ಅಂತ ನೋಡ್ತಿದ್ದೆ" ಎಂದ.

"ಬಂದಿನ್ನೂ ಕಾಲು ತೊಳೆದಿಲ್ಲ, ಆಗ್ಲೇ ಕಾಯಿ ನೋಡಕ್ಕೆ ನಿಂತವ್ನೆ" ಎಂದು ಅಂಕಮ್ಮನವರು ಊರಿಗೆ ಸಾರಿದರು. "ಇವ್ನು ನಮ್ಮೂರ್ಗೆ ಆಗೋ ಅಳಿಯ ಕಣ್ರಪ್ಪ."

ತಾನೇ ತೋಡಿದ ಗುಂಡಿಗೆ ತಾನೇ ಬಿದ್ದ. ಆ ಮನೆ ಬೇಡ ಎನ್ನಲು ಅವನಿಗೆ ಇದ್ದ ಒಂದೇ ನೆಪ ಎಲ್ಲರ ಎದುರು ಚಿಪ್ಪು ಬಿಟ್ಟುಕೊಂಡಿತ್ತು. ಈಗ ಹಿಂದೆಗೆದರೆ "ಕೊಬ್ಬರಿಗೆ ಹೆದರಿ ಓಡಿದ" ಎನ್ನುತ್ತಾರೆ. ಬೆಂಗಳೂರು ಬಿಟ್ಟು ಓಡಿದ ಎನ್ನಿಸಿಕೊಳ್ಳುವುದಕ್ಕಿಂತ ಅದು ಕೀಳು. ಸೋಮವಾರ ಸಾಹುಕಾರರಿಗೆ ಹೂಂ ಎಂದುಬಿಟ್ಟ. ಗಂಡ ಹೆಂಡತಿ ಸಾಮಾನು ಇಳಿಸುತ್ತಿದ್ದಾಗಲೇ ಬೆಂಗಳೂರಿನ ಮಾಲೀಕರು ಆ ಮನೆಯನ್ನು ಇನ್ನೂ ಹೆಚ್ಚಿನ ಬಾಡಿಗೆಗೆ ಬೇರೆಯವರಿಗೆ ತೋರಿಸುತ್ತಿದ್ದರು. ನಿರ್ಮಲಾ ಕರಿಬೇವಿನ ಡಬ್ಬವನ್ನು ದಾರಿಯುದ್ದಕ್ಕೂ ತೊಡೆಯ ಮೇಲೆ ಇಟ್ಟುಕೊಂಡು ಬಂದು, ಹಿತ್ತಲಲ್ಲಿ ಗಿಡ ನೆಟ್ಟು, ಅವತ್ತೇ ಸಾರಿಗೆ ಒಂದೆಸಳು ಕಿತ್ತಳು.

ಹೊಸ ಊರು ಬಾಲರಾಜುವಿಗೆ ಹಿಡಿಸಿತು ಎಂಬುದನ್ನು ಒಪ್ಪಿಕೊಳ್ಳಬೇಕು. ಬಸ್ಸಿನಲ್ಲಿ ಜನ ಅವನ ಹೆಸರು ಹಿಡಿದು ಕರೆದು ಸೀಟು ಕೊಟ್ಟರು. ತಿಪಟೂರಿನ ಅಂಗಡಿಯ ಬೋಣಿಯಾಗಿ ಅಂಕಮ್ಮನವರ ಕಿವಿಗೇ ಒಳ್ಳೆಯ ಮೆಷಿನ್ನು ಹಾಕಿದ. ಅಷ್ಟರಲ್ಲಿ ಆಳುಗಳು ಬಂದು ಅಟ್ಟದ ಕಾಯಿ ಇಳಿಸಿ, ಸುಲಿದು, ಒಡೆದು, ಕೊಬ್ಬರಿಯನ್ನು ಮಂಡಿಗೆ ಸಾಗಿಸಿದರು. ಖಾಲಿ ಅಟ್ಟವನ್ನು ಬಾಲರಾಜು ತಾನೇ ಹತ್ತಿ, ಬೀದಿಯವರಿಗೆ ಕಾಣುವಂತೆ ಹೆಂಚು ಸರಿಸಿ ಬೆಳಕು ಮಾಡಿಕೊಂಡು, ಮೂಲೆ ಮೂಲೆ ಗುಡಿಸಿ ಬಂದ. ಅಲ್ಲಿ ಒಂದು ಚಿಪ್ಪಿನ ಚೂರೂ ಉಳಿಯಲಿಲ್ಲ. ದೆವ್ವ ಭೂತ ಎನ್ನುವವರಿಗೆಲ್ಲ ಅಂದಿನಿಂದ ಅವನು ಕೊಬ್ಬರಿಯ ವಿಜ್ಞಾನವನ್ನು ಬೋಧಿಸತೊಡಗಿದ.

ಒಂದು ಮುಸ್ಸಂಜೆ ಅಂಕಮ್ಮನವರು ಇಲ್ಲಿಗೇ ಊಟಕ್ಕೆ ಬಂದರು. ಮುದ್ದೆ, ಅವರೆಕಾಳಿನ ಸಾರು. ಹೊರಗೆ ತೋಟದಲ್ಲಿ ಗರಿ ಅಲುಗುತ್ತಿರಲಿಲ್ಲ. ಅಂಕಮ್ಮನವರಿಗೆ ಈಗ ಸಾರು ಕುದಿಯುವುದೂ ಕೇಳಿಸುತ್ತಿತ್ತು. ಮೆಲ್ಲಗೆ ಮಾತಾಡುವುದನ್ನೂ ಕಲಿತಿದ್ದರು.

"ಅತ್ತೆ, ಅವತ್ತು ನಾನು ಹೆದರಿದ್ದೆ ಅಂತ ಇವಳು ಎಲ್ಲರಿಗೂ ಹೇಳ್ತಾಳೆ" ಎಂದು ಬಾಲರಾಜು ನಗುತ್ತಾ ಎದ್ದ. "ಹೆದರಿಕೆ ಯಾತಕ್ಕೆ? ಕೊಬ್ಬರಿ ಇದ್ರೆ ಮಾತಾಡುತ್ತೆ. ಇಲ್ದಿದ್ರೆ ಸುಮ್ಮನಿರುತ್ತೆ. ನೋಡಿ."

ಕೋಲು ತೆಗೆದು ಎರಡೇಟು ಕುಟ್ಟಿದ. ಟಕ್, ಟಕ್. ಖಾಲಿ ಅಟ್ಟ ಸುಮ್ಮನಿತ್ತು. ಬಾಲರಾಜು ಗೆದ್ದವನಂತೆ ಕೋಲನ್ನು ಒರಗಿಸಿ, ಮಣೆಯ ಮೇಲೆ ಕೂತು, ಮುದ್ದೆ ಮುರಿದ.

ಮೇಲಿನಿಂದ ಟಕ್ ಎಂದಿತು.

ತುತ್ತು ಅವನ ಕೈಯಲ್ಲೇ ಉಳಿಯಿತು. ಇನ್ನೊಮ್ಮೆ ಟಕ್ ಎಂದಿತು. ಮತ್ತೆ ಒಂದು ಉಸಿರಿನಷ್ಟು ಬಿಟ್ಟು, ಮೂರನೆಯದು, ಆ ಗುಳಿ ಬಿದ್ದ ದಬ್ಬೆಯ ಮೇಲೆಯೇ. ಗುಡಿಸಿದ ಅಟ್ಟದಿಂದ ಚಿಟಿಕೆ ಮಸಿ ಉದುರಿ ಅವನ ಸಾರಿನಲ್ಲಿ ಬಿತ್ತು.

ಅಂಕಮ್ಮನವರು ಕಿವಿಯ ಮೆಷಿನ್ನನ್ನು ಬೆರಳಿನಿಂದ ಮೆಲ್ಲಗೆ ಒತ್ತಿಕೊಂಡು ಮೇಲೆ ನೋಡಿದರು. ಅವರ ಕಣ್ಣು ತುಂಬಿತ್ತು, ತುಟಿಯಲ್ಲಿ ನಗುವಿತ್ತು.

"ನಮ್ಮೆಜಮಾನ್ರು ಇಷ್ಟು ವರ್ಸದಿಂದ ಕುಟ್ತಾನೇ ಇದ್ರೇನೋ" ಎಂದರು. "ನಂಗೆ ಕೇಳ್ತಿರ್ಲಿಲ್ಲ, ಅಷ್ಟೇಯ. ಒಳ್ಳೆ ಮಿಸನ್ನು ಕೊಟ್ಟೆ ಕಣಪ್ಪ."

ಬಾಲರಾಜು ಹೆಂಡತಿಯ ಕಡೆ ಬಾಗಿ, ಗಂಟಲಲ್ಲೇ ಹೇಳಿದ. "ನಿಮ್ಮಿ, ಬೆಂಗಳೂರಿಗೆ ಹೋಗ್ಬಿಡೋಣ ಕಣೇ. ಬಾಡಿಗೆ ಎಷ್ಟಾದ್ರೂ ಆಗ್ಲಿ."

"ಮೇಲಿನ ಮನೆಯೋರು ಅಂದ್ಮೇಲೆ ಸದ್ದು ಇದ್ದದ್ದೇ ಅಂತ ಅವತ್ತೇ ಹೇಳ್ಲಿಲ್ವಾ" ಎಂದಳು ನಿರ್ಮಲಾ. ಅವಳ ದನಿ ಸ್ವಲ್ಪ ನಡುಗಿತು. ಆದರೂ ಎದ್ದು ಇನ್ನೊಂದು ತಟ್ಟೆ ತಂದು ಅಂಕಮ್ಮನವರ ಪಕ್ಕದಲ್ಲಿಟ್ಟು, ಮುದ್ದೆ ಹಾಕಿ, ಸಾರು ಬಿಟ್ಟಳು.

ಅಂಕಮ್ಮನವರು ಕೋಲನ್ನು ಬಾಲರಾಜುವಿನ ಕೈಗೆ ಕೊಟ್ಟರು. "ಇನ್ನೊಂದ್ಸಲ ಕುಟ್ಟಪ್ಪ, ಮೂರೇಟು. ದಿನಾ ಉಣ್ಣೋ ಹೊತ್ಗೆ ನೀನೇ ಕುಟ್ಬೇಕು. ಕರೀದೆ ಅವ್ರು ಊಟಕ್ಕೆ ಬರಾಕಿಲ್ಲ."

ಬಾಲರಾಜು ಬಾಗಿಲ ಕಡೆ ನೋಡಿದ. ಹೊರಗೆ ಕತ್ತಲು ಕಟ್ಟಿತ್ತು, ತೆಂಗಿನ ಮರಗಳು ಬಾಗಿಲ ತನಕ ಬಂದು ನಿಂತಂತಿತ್ತು. ಅವನು ಕೋಲು ಎತ್ತಿಕೊಂಡು ಎದ್ದು ನಿಂತ.