ಇಪ್ಪತ್ತೇಳನೇ ಪುಟದ ಹಸಿರು ಚುಕ್ಕೆ

ನನ್ನ ಹೆಂಡತಿ ಸುನಂದಾ ನನ್ನನ್ನು ಕೊನೆಯ ಸಲ ಬೈದದ್ದು ಒಂದು ಪುಸ್ತಕಕ್ಕಾಗಿ. ಕಳೆದ ವರ್ಷ, ಅಂದರೆ ಎರಡು ಸಾವಿರದ ಇಸವಿಯ ಒಂದು ಮಾಮೂಲಿ ಶನಿವಾರ. ಕುಕ್ಕುಂದೂರಿನ ಮನೆಯಿಂದ ಕಾರ್ಕಳದ ವಾಚನಾಲಯಕ್ಕೆ ಹೋಗಿ ಪುಸ್ತಕ ತರುವುದು ನನ್ನ ಕೆಲಸ, ಓದುವುದು ಅವಳದು. ಅಂದು ತಪ್ಪಿ ಕಾದಂಬರಿ ತಂದಿದ್ದೆ. "ಕಥೆ ಎಂತಕ್ಕೆ ನನಗೆ? ಮನೆಯಲ್ಲಿ ಸುಳ್ಳು ಹೇಳಲಿಕ್ಕೆ ನೀವಿದ್ದೀರಲ್ಲ! ನಿಜದ ಪುಸ್ತಕ ತನ್ನಿ" ಎಂದಳು. ಮರುದಿನ ಬೆಳಿಗ್ಗೆ ಎದೆನೋವು, ಮಣಿಪಾಲದ ಆಸ್ಪತ್ರೆ. ಸಂಜೆಯೊಳಗೆ ಎಲ್ಲ ಮುಗಿಯಿತು.

ಹಾವು, ನಕ್ಷತ್ರ, ಮೂತ್ರಪಿಂಡ, ಸೇತುವೆ ಕಟ್ಟುವ ಬಗೆ, ಅವಳಿಗೆ ಬೇಡವಾದ ವಿಷಯವೇ ಇರಲಿಲ್ಲ. ಇಷ್ಟು ಓದಿದರೆ ಓದಿದ್ದು ಯಾವುದೆಂದು ಮರೆತುಹೋಗುತ್ತದೆ. ಅದಕ್ಕೆ ನಮ್ಮ ವಾಚನಾಲಯದ ಓದುಗರೆಲ್ಲ ಪುಸ್ತಕದೊಳಗೆ ಒಂದೊಂದು ಗುಟ್ಟಿನ ಗುರುತು ಹಾಕುತ್ತಾರೆ. ಒಬ್ಬರು ಪುಟಸಂಖ್ಯೆಗೆ ಸುತ್ತು ಹಾಕಿದರೆ ಇನ್ನೊಬ್ಬರು ಮೂಲೆಯಲ್ಲಿ ಓಂ ಬರೆಯುತ್ತಾರೆ. ಸುನಂದಾಳದು ಇಪ್ಪತ್ತೇಳನೇ ಪುಟದ ಕೆಳಗೆ ಹಸಿರು ಶಾಯಿಯ ಚುಕ್ಕೆ.

ಮೂರು ತಿಂಗಳ ಮೇಲೆ, ಮನೆಯ ಮೌನ ತಡೆಯಲಾಗದೆ, ಹೊಸ ಪುಸ್ತಕಗಳ ಕಪಾಟಿನಿಂದ ಜೇನುನೊಣಗಳ ಬಗ್ಗೆ ಒಂದನ್ನು ತಂದೆ. ಒಳಗೆ ವಾಚನಾಲಯಕ್ಕೆ ಸೇರಿದ ಮೊಹರಿನಲ್ಲಿ ಹಿಂದಿನ ದಿನದ ತಾರೀಕು. ಮಧ್ಯಾಹ್ನ ಇಪ್ಪತ್ತೇಳನೇ ಪುಟ ತಿರುಗಿಸಿದೆ. ಹಸಿರು ಚುಕ್ಕೆ ಇತ್ತು. ಅಡುಗೆಮನೆಯಲ್ಲಿ ಚಮಚ ಬಿದ್ದ ಸದ್ದಾಯಿತು. ಹೋಗಿ ನೋಡಿದರೆ ಬೆಕ್ಕೂ ಇಲ್ಲ. ಹೆದರಿಕೆಗೆ ಸಮಾಧಾನ ಹೇಳಿಕೊಂಡೆ: ಬರುವವಳಾದರೆ ಬೈದುಕೊಂಡೇ ಬರುತ್ತಿದ್ದಳು.

ಮುಂದಿನ ವಾರ ತಿಮಿಂಗಿಲ, ಅದರ ಮುಂದಿನ ವಾರ ಕರಿಮೆಣಸಿನ ವ್ಯಾಪಾರ. ಎರಡರಲ್ಲೂ ಚುಕ್ಕೆ. ಸತ್ತ ಮೇಲೂ ನನಗಿಂತ ಹೆಚ್ಚು ಓದುತ್ತಿದ್ದಾಳಲ್ಲ ಎಂದು ನಾಚಿಕೆಯಾಯಿತು. ತಂದ ಪುಸ್ತಕವನ್ನು ಮೊದಲು ಅವಳ ಕುರ್ಚಿಯ ಮೇಲಿಟ್ಟು, ಒಂದು ದಿನ ಬಿಟ್ಟು ನಾನು ಓದತೊಡಗಿದೆ. ಯಾರನ್ನೂ ಕೇಳಲಿಲ್ಲ. ಕೇಳಿದರೆ ಉತ್ತರ ಸಿಕ್ಕಿಬಿಡಬಹುದಲ್ಲ!

ಸಿಕ್ಕಿಯೇಬಿಟ್ಟಿತು. ವಾಚನಾಲಯದ ವಸಂತಣ್ಣ ಒಂದು ದಿನ, "ಎಂತ ಮಾರಾಯ್ರೆ, ಎಲ್ಲರೂ ಮುಖಪುಟ ನೋಡ್ತಾರೆ, ನೀವು ಒಳಗೆ ಎಂತ ಹುಡುಕುವುದು?" ಎಂದರು. ತೋರಿಸಿದೆ. ಅವರು ನಗಲಿಲ್ಲ.

"ದಿನಾ ನೀವು ಕಾಪುವಿಗೆ ಕೆಲಸಕ್ಕೆ ಹೋದ ಮೇಲೆ ಅಕ್ಕ ಇಲ್ಲಿಗೆ ಬರ್ತಿದ್ರು ಅಲ್ವಾ? ಹೊಸ ಪುಸ್ತಕದ ಕಟ್ಟುಗಳು ಹಿಂದಿನ ಕೋಣೆಯಲ್ಲಿ ಉಂಟು. ನಾನು ನಂಬರು, ಮೊಹರು ಹಾಕುವಾಗ ತಿಂಗಳುಗಟ್ಟಲೆ ತಡ. ಅಷ್ಟರಲ್ಲಿ ಅವರು ಅಲ್ಲೇ ಕೂತು ಓದಿ ಮುಗಿಸ್ತಿದ್ರು. ನಿಮಗೆ ಗೊತ್ತಿರ್ಲಿಲ್ವಾ?"

"ಗೊತ್ತಿತ್ತು" ಎಂದೆ. ಸುಳ್ಳು.

"ಅವಳು ಓದಿದ್ದು ಇನ್ನೆಷ್ಟು ಉಂಟು?" ಎಂದು ಕೇಳಿದೆ.

"ಒಂದು ಕಟ್ಟು."

ವಸಂತಣ್ಣನ ನಿಧಾನಕ್ಕೆ ಊರೆಲ್ಲ ಬೈಯುತ್ತದೆ. ಇನ್ನೂ ನಿಧಾನ ಮಾಡಿ ಎಂದು ಬೇಡಿಕೊಂಡವನು ನಾನೊಬ್ಬನೇ ಇರಬೇಕು. ಅವರೂ ಕೈಲಾದಷ್ಟು ಎಳೆದರು.

ಕಳೆದ ವಾರ ಆ ಕಟ್ಟು ಮುಗಿಯಿತು. ನಿನ್ನೆ ಜ್ವಾಲಾಮುಖಿಗಳ ಬಗ್ಗೆ ಹೊಚ್ಚ ಹೊಸದೊಂದನ್ನು ತಂದು ಅವಳ ಕುರ್ಚಿಯ ಮೇಲಿಟ್ಟೆ. ಇವತ್ತು ತೆರೆದೆ. ಅವಳ ಹಸಿರು ಪೆನ್ನು ನನ್ನ ಕಿಸೆಯಲ್ಲೇ ಇದೆ, ಮುಚ್ಚಳವನ್ನೂ ತೆಗೆದಿದ್ದೆ. ನಿಜದ ಪುಸ್ತಕದೊಳಗೆ ಸುಳ್ಳು ಬರೆಯಲು ಕೈ ಬರಲಿಲ್ಲ.

ಇಪ್ಪತ್ತೇಳನೇ ಪುಟದಲ್ಲಿ ಚುಕ್ಕೆ ಇಲ್ಲ.